ಬಿ.ಬಿ. ಕಿಂಗ್ ನಾದ, ಹತ್ತು ವ್ಯಾಟ್ ಆಂಪ್, ಕೊಡಗಿನ ಮಳೆ

ಓದುಗರ ಪ್ರಶ್ನೆ, ಗಿಟಾರ್ ರಿಪೇರಿಯವರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಸೋಮವಾರಪೇಟೆ ಕಡೆಯವನು. ಅಮೆರಿಕದ ಬ್ಲೂಸ್ ಸಂಗೀತಗಾರ ಬಿ.ಬಿ. ಕಿಂಗ್ ಅವರ ಗಿಟಾರ್ ಅಂದರೆ ನನಗೆ ಹುಚ್ಚು. ನನ್ನ ಹತ್ತಿರ ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಇರುವ ಸ್ಕ್ವಯರ್ ಸ್ಟ್ರಾಟ್ ಗಿಟಾರ್ ಇದೆ, ಅದರ ದನಿ ದೊಡ್ಡದು ಮಾಡೋದಕ್ಕೆ ಹತ್ತು ವ್ಯಾಟಿನ ಪುಟ್ಟ ಆಂಪ್ ಇದೆ. ಅಂಗಡಿಯವರು ಹೇಳಿದರು ಅಂತ ದನಿ ಕರಕರ ಮಾಡುವ ಡಿಸ್ಟಾರ್ಷನ್ ಪೆಡಲ್ ಕೂಡ ತಗೊಂಡೆ. ಆದರೂ ಕಿಂಗ್ ಅವರ ‘ದಿ ಥ್ರಿಲ್ ಈಸ್ ಗಾನ್’ ಹಾಡು ನುಡಿಸಿದರೆ ಡಬ್ಬಿಯೊಳಗೆ ಜೇನುಹುಳ ಸಿಕ್ಕಿಹಾಕಿಕೊಂಡ ಹಾಗೆ ಕೇಳುತ್ತದೆ. ಕಾಳುಮೆಣಸು ಮಾರಿದ ದುಡ್ಡಲ್ಲಿ 20 ಸಾವಿರ ಎತ್ತಿಟ್ಟಿದ್ದೇನೆ. ಟ್ಯೂಬ್ (ಗಾಜಿನ ವಾಲ್ವ್) ಇರುವ ಆಂಪ್ ತಗೊಳ್ಳಲಾ, ಹೊಸ ಗಿಟಾರ್ ತಗೊಳ್ಳಲಾ?

ಉತ್ತರ: ಎರಡೂ ಬೇಡ. ಮೆಣಸಿನ ದುಡ್ಡು ಸದ್ಯ ಬ್ಯಾಂಕಿನಲ್ಲೇ ಇರಲಿ. ಮೊದಲು ಆ ಪೆಡಲಿನ ವೈರ್ ಕಿತ್ತು ಪಕ್ಕಕ್ಕೆ ಇಡಿ. ನಿಮ್ಮ ಜೇನುಹುಳ ಇರೋದು ಅದರಲ್ಲೇ.

ಕಿಂಗ್ ಅವರ ಗಿಟಾರ್ ಹೆಚ್ಚುಕಡಿಮೆ ಶುದ್ಧ ದನಿಯದ್ದು. ಜೋರಾಗಿ ಮೀಟಿದಾಗ ಅಂಚಿನಲ್ಲಿ ಚೂರು ಒರಟು ಬರುತ್ತದೆ, ಅಷ್ಟೇ. ಬ್ಲೂಸ್ ಅಂದರೆ ಕರಕರ ಅನ್ನಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಅದು ಅವರ ನಂತರ ಬಂದ ರಾಕ್ ಹುಡುಗರ ಕಾರುಬಾರು.

ಇನ್ನು ಟ್ಯೂಬ್ ಆಂಪ್ ವಿಷಯ. ಕಿಂಗ್ ವೇದಿಕೆಯಲ್ಲಿ ವರ್ಷಗಟ್ಟಲೆ ಬಳಸಿದ್ದು ಲ್ಯಾಬ್ ಸೀರೀಸ್ ಎಲ್5 ಅನ್ನುವ ಆಂಪ್. ಅದರೊಳಗೆ ಒಂದೇ ಒಂದು ಟ್ಯೂಬ್ ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್. 1970ರ ದಶಕದ ಕೊನೆಯಲ್ಲಿ ಬಂದದ್ದು. ಆಗ ಗಿಟಾರ್ ಮಾಡುವ ಗಿಬ್ಸನ್ ಮತ್ತು ಮೂಗ್ ಎರಡೂ ನಾರ್ಲಿನ್ ಅನ್ನುವ ಒಂದೇ ಕಂಪನಿಯ ಕೈಯಲ್ಲಿದ್ದವು. ಸಿಂಥಸೈಜರ್ ಮಾಡುವ ಮೂಗ್‌ನ ಎಂಜಿನಿಯರುಗಳ ಕೈ ಈ ಆಂಪಿನ ಸರ್ಕ್ಯೂಟಿನಲ್ಲಿದೆ. ನೂರು ವ್ಯಾಟ್, ಹನ್ನೆರಡು ಇಂಚಿನ ಎರಡು ಸ್ಪೀಕರ್, ಒಳಗೇ ಜೋರು-ಮೆತ್ತಗಿನ ವ್ಯತ್ಯಾಸ ಕಮ್ಮಿ ಮಾಡುವ ಒಂದು ಕಂಪ್ರೆಸರ್. ನಿಮ್ಮ ಹತ್ತು ವ್ಯಾಟಿನದ್ದೂ ಟ್ರಾನ್ಸಿಸ್ಟರ್ ಆಂಪೇ. ಜಾತಿ ಒಂದೇ, ಗಾತ್ರ ಬೇರೆ.

ನನ್ನದೇ ಕಥೆ ಹೇಳುತ್ತೇನೆ. ಹಿಂದೊಮ್ಮೆ ನಾನೂ ಬೆಂಗಳೂರಿನಿಂದ ಹಳೇ ಟ್ಯೂಬ್ ಆಂಪ್ ಒಂದನ್ನು ಬಸ್ಸಿನಲ್ಲಿ ಹಾಕಿಸಿಕೊಂಡು ಬಂದೆ. ಮಾರಿದವರು ‘ಹೊಸದರ ಹಾಗೇ ಇದೆ’ ಅಂದಿದ್ದರು. ಮಳೆಗಾಲದಲ್ಲಿ ನಮ್ಮ ಮನೆಗೆ ಬರುವ ಕರೆಂಟು ಸಂಜೆ ಹೊತ್ತು 180 ವೋಲ್ಟಿಗೆ ಇಳಿಯುತ್ತಿತ್ತು. ಟ್ಯೂಬು ಸರಿಯಾಗಿ ಕಾಯುತ್ತಲೇ ಇರಲಿಲ್ಲ, ದನಿ ನೆನೆದ ಹಪ್ಪಳದ ಹಾಗೆ. ಸ್ಟೆಬಿಲೈಸರ್ ಹಾಕಿಸಿದೆ. ಎರಡನೇ ಮಳೆಗಾಲಕ್ಕೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ರಿಪೇರಿಗೆ ಕೊಟ್ಟ ದುಡ್ಡಲ್ಲಿ ಒಂದು ಒಳ್ಳೇ ಗಿಟಾರ್ ಬರುತ್ತಿತ್ತು. ನಮ್ಮ ಊರಿನ ಕರೆಂಟಿಗೆ ಟ್ರಾನ್ಸಿಸ್ಟರ್ ಆಂಪೇ ಸರಿ.

ಈಗ ನಿಮ್ಮ ಆಂಪಿಗೆ ಬರೋಣ. ಕ್ಲೀನ್ ಚಾನೆಲ್ ಹಾಕಿ. ಮಿಡ್ ನಾಬ್ 7ರಿಂದ 8ರವರೆಗೆ ತಿರುಗಿಸಿ. ಟ್ರೆಬಲ್ 4, ಬಾಸ್ 5. ರಿವರ್ಬ್ ಇದ್ದರೆ ಒಂದು ಚಿಟಿಕೆ ಸಾಕು. ಗೇನ್ ನಾಬ್ ಬೇರೆ ಇದ್ದರೆ ನಿಧಾನಕ್ಕೆ ಏರಿಸುತ್ತಾ ಹೋಗಿ. ಮೆತ್ತಗೆ ಮೀಟಿದರೆ ಶುದ್ಧ, ಜೋರಾಗಿ ಮೀಟಿದರೆ ಸ್ವಲ್ಪ ಗಂಟಲು ಕಟ್ಟಿದ ಹಾಗೆ ಆಗಬೇಕು. ಅಲ್ಲೇ ನಿಲ್ಲಿಸಿ. ಈ ಅಂಕಿಗಳನ್ನು ಮಂತ್ರದ ಹಾಗೆ ಹಿಡಿಯಬೇಡಿ, ಆಂಪಿಂದ ಆಂಪಿಗೆ ಬೇರೆ ಇರುತ್ತದೆ. ಮಿಡ್ ಜಾಸ್ತಿ, ಟ್ರೆಬಲ್ ಕಮ್ಮಿ ಅನ್ನೋದು ಮಾತ್ರ ಬದಲಾಗಲ್ಲ. ಮತ್ತೆ, ಆಂಪನ್ನು ನೆಲದ ಮೇಲೆ ಇಟ್ಟು ನಿಂತು ನುಡಿಸಬೇಡಿ. ನಿಮ್ಮ ಮೊಣಕಾಲಿಗೆ ಕೇಳುತ್ತದೆ, ಕಿವಿಗೆ ಕೇಳಲ್ಲ. ಮರದ ಕುರ್ಚಿ ಮೇಲೆ ಇಡಿ.

ಗಿಟಾರಿನಲ್ಲಿ ಕುತ್ತಿಗೆ ಕಡೆಯ ಪಿಕಪ್ ಒಂದನ್ನೇ ಹಾಕಿ. ಕುತ್ತಿಗೆ ಮತ್ತು ನಡುವಿನದು ಎರಡೂ ಸೇರಿದರೆ ತೆಳ್ಳಗಾಗಿ ‘ಕ್ವಾಕ್’ ಅನ್ನುತ್ತದೆ, ಅದು ಕಿಂಗ್ ಅಲ್ಲ. ಬ್ರಿಜ್ (ಗಿಟಾರಿನ ಮೈಮೇಲೆ ತಂತಿ ಕೂರುವ ಲೋಹದ ಭಾಗ) ಕಡೆಯದ್ದು ಚುಚ್ಚುತ್ತದೆ. ಅದನ್ನು ಮೆತ್ತಗೆ ಮಾಡೋಣ ಅಂದರೆ ಸಾಮಾನ್ಯ ಸ್ಟ್ರಾಟಿನಲ್ಲಿ ಬ್ರಿಜ್ ಪಿಕಪ್ಪಿಗೆ ಟೋನ್ ನಾಬೇ ಇಲ್ಲ. ಹಾಗಾಗಿ ಕುತ್ತಿಗೆ ಪಿಕಪ್, ಟೋನ್ 7. ಕಿಂಗ್ ಅವರ ಗಿಟಾರಿನಲ್ಲಿ ಇದ್ದದ್ದು ದಪ್ಪ ದನಿಯ ಹಂಬಕರ್ ಪಿಕಪ್. ಆ ದಪ್ಪ ನಿಮಗೆ ಟೋನ್ ಇಳಿಸಿದಾಗ ಅರ್ಧ ಸಿಗುತ್ತದೆ. ಇನ್ನು ಅವರ ದನಿಯ ಮೊನಚಿಗೆ ಒಂದು ಉಪಾಯ ಇದೆ: ಮೀಟುವ ಕೈಯನ್ನು ಎರಡು ಇಂಚು ಬ್ರಿಜ್ ಕಡೆಗೆ ಸರಿಸಿ. ದಪ್ಪ ಪಿಕಪ್ಪಿನಿಂದ, ಮೊನಚು ಕೈಯಿಂದ. ಒಂದು ಪೈಸೆ ಖರ್ಚಿಲ್ಲ.

ತಂತಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಿಬ್ಸನ್ ಕಂಪನಿ ಕಿಂಗ್ ಅವರ ಹೆಸರಲ್ಲಿ ಮಾರಿದ ಸೆಟ್ಟು 10ರಿಂದ 54ರದ್ದು (ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಓಹೋ, ದಪ್ಪ ತಂತಿ ಬೇಕು ಅಂತ ಎಷ್ಟೋ ಜನ ಬೆರಳು ಸೀಳಿಸಿಕೊಂಡಿದ್ದಾರೆ. ಸ್ವಲ್ಪ ಬಿಡಿಸಿ ನೋಡಿ. ಕೆಳಗಿನ ಮೂರು ಸಣ್ಣ ತಂತಿ 10, 13, 17. ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ 10–46 ಸೆಟ್ಟಿನಲ್ಲೂ ಅದೇ 10, 13, 17! ದಪ್ಪ ಇರೋದು ಮೇಲಿನ ಮೂರರಲ್ಲಿ. ಕಿಂಗ್ ಹಾಡಿಸುತ್ತಿದ್ದದ್ದು ಹೆಚ್ಚಾಗಿ ಕೆಳಗಿನ ಮೂರನ್ನು. ಮಾಮೂಲಿ ಸೆಟ್ಟೇ ಹಾಕಿ. ತಂತಿ ಬಿಚ್ಚಿದಾಗ ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನ ಸೀಳುಗಳಲ್ಲಿ ಪೆನ್ಸಿಲ್ ಮೊನೆ ಉಜ್ಜಿ. ಎಳೆದ ತಂತಿ ಸಿಕ್ಕಿಕೊಳ್ಳದೆ ವಾಪಸ್ ಶ್ರುತಿಗೆ ಬರುತ್ತದೆ.

ಇಷ್ಟೂ ಅರ್ಧ ಗಂಟೆಯ ಕೆಲಸ. ಇನ್ನು ಮೇಲೆ ಹೇಳೋದು ಒಂದು ವರ್ಷದ್ದು.

ಕಿಂಗ್ ಅವರ ಅಮ್ಮನ ಕಡೆಯ ಸಂಬಂಧಿ ಒಬ್ಬರಿದ್ದರು, ಬುಕ್ಕಾ ವೈಟ್. ಲೋಹದ ಸ್ಲೈಡ್ ಹಿಡಿದು ತಂತಿಯ ಮೇಲೆ ಜಾರಿಸಿ ನುಡಿಸುವವರು. ಆ ನಾದ ತಮ್ಮ ಗಿಟಾರಿನಲ್ಲೂ ಬರಬೇಕು ಅಂತ ಕಿಂಗ್‌ಗೆ ಆಸೆ. ಆದರೆ ಸ್ಲೈಡ್ ಕೈಗೆ ಹತ್ತಲಿಲ್ಲ. ಅದಕ್ಕೆ ಬರೀ ಬೆರಳನ್ನೇ ಅಲುಗಿಸಿ ಅದನ್ನು ಹಿಡಿಯಲು ಹೊರಟರು. ಹಾಗೆ ಹುಟ್ಟಿದ್ದು ಅವರ ವೈಬ್ರಾಟೊ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಕಂಪಿತ ಗಮಕ ಅಂದರೆ ತಟ್ಟನೆ ಹೊಳೆಯಬಹುದು. ಸ್ವರ ಒಂದೇ ಕಡೆ ನಿಲ್ಲದೆ ನಡುಗುತ್ತದಲ್ಲ, ಹಾಗೆ.

ಮಾಡೋದು ಹೇಗೆ? ಎರಡನೇ ತಂತಿ, 12ನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಗೆರೆ). ತೋರುಬೆರಳು ಇಡಿ. ನೀವು ಹೇಳಿದ ಹಾಡು ಬಿ ಮೈನರಿನಲ್ಲಿದೆ, ಇದು ಅದರ ಮನೆ ಸ್ವರ. ಈಗ ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯಿಂದ ಬಿಟ್ಟುಬಿಡಿ. ಉಳಿದ ಮೂರು ಬೆರಳು ಬೀಸಣಿಗೆ ಹಾಗೆ ಬಿಚ್ಚಲಿ. ಕೈ ತಂತಿಗೆ ತಾಗಿರೋದು ತೋರುಬೆರಳಿನ ತುದಿಯಲ್ಲಿ ಮಾತ್ರ. ತುಕ್ಕು ಹಿಡಿದ ಬೀಗದಲ್ಲಿ ಕೀ ಸಿಕ್ಕಿಕೊಂಡಾಗ ಅತ್ತ ಇತ್ತ ತಿರುಗಿಸುತ್ತೇವಲ್ಲ, ಮುಂಗೈ ಹಾಗೇ ತಿರುಗಬೇಕು. ಬೆರಳು ಬಾಗಬಾರದು. ಬಿಚ್ಚಿದ ಬೆರಳುಗಳು ಚಿಟ್ಟೆ ರೆಕ್ಕೆ ಬಡಿದ ಹಾಗೆ ಕಾಣುತ್ತವೆ. ಮೊದಲ ವಾರ ನಗು ಬರುತ್ತದೆ, ಮನೆಯವರಿಗಂತೂ ಜಾಸ್ತಿ ಬರುತ್ತದೆ. ನಿಧಾನಕ್ಕೆ ಶುರು ಮಾಡಿ, ಒಂದು ತಾಳಕ್ಕೆ ನಾಲ್ಕು ಅಲುಗಾಟ. ವೇಗ ತಾನಾಗಿ ಬರಲಿ.

ಆಮೇಲೆ ಎಳೆತ. ಅದೇ ತಂತಿಯ 15ನೇ ಫ್ರೆಟ್ ಒಮ್ಮೆ ಮೀಟಿ, ಆ ಸ್ವರವನ್ನು ಬಾಯಲ್ಲಿ ಗುನುಗಿ. ಈಗ 14ನೇ ಫ್ರೆಟ್ ಒತ್ತಿ, ತಂತಿಯನ್ನು ಎಳೆದು ಆ ಗುನುಗಿಗೆ ಮುಟ್ಟಿಸಿ. ಇನ್ನೂ ಒಂದು ಚೂರು ಎಳೆದರೆ 15ಕ್ಕೂ 16ಕ್ಕೂ ನಡುವೆ ಒಂದು ಜಾಗ ಸಿಗುತ್ತದೆ. ಅಳುವೂ ಅಲ್ಲ, ನಗುವೂ ಅಲ್ಲ ಅನ್ನುವ ಜಾಗ. ಬ್ಲೂಸಿನ ಪ್ರಾಣ ಅಲ್ಲಿದೆ. ನಮ್ಮ ಮದುವೆ ಮನೆಗಳಲ್ಲಿ ವಾಲಗದವರು ಸ್ವರವನ್ನು ಕೆಳಗಿನಿಂದ ಎಳೆದು ತಂದು ನಿಲ್ಲಿಸೋದನ್ನು ಕೇಳಿದ್ದೀರಿ ಅಲ್ವಾ? ಮುಂದಿನ ಸಲ ಕುಣಿಯೋದು ಬಿಟ್ಟು ಐದು ನಿಮಿಷ ಕಿವಿಗೊಡಿ.

ಇನ್ನೊಂದು ಗಮನಿಸಿ. ಕಿಂಗ್ ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಒಂದು ಸಾಲು ಬಾಯಿ, ಮುಂದಿನ ಸಾಲು ತಂತಿ. ಹಾಗಾಗಿ ನೀವೂ ನಾಲ್ಕು ಸ್ವರ ನುಡಿಸಿ, ಉಸಿರು ಎಳೆಯುವಷ್ಟು ಹೊತ್ತು ಸುಮ್ನೆ ಇರಿ. ಹೊಸಬರ ಗಿಟಾರ್ ಅಗ್ಗವಾಗಿ ಕೇಳಿಸೋದಕ್ಕೆ ಅರ್ಧ ಕಾರಣ ಅವರು ಎಲ್ಲೂ ನಿಲ್ಲಿಸದಿರುವುದು.

ಆರು ತಿಂಗಳು ಇದನ್ನು ಮಾಡಿ. ಆಮೇಲೂ ದುಡ್ಡು ಕೈಯಲ್ಲಿ ಕುಣಿಯುತ್ತಿದ್ದರೆ, ಸಿಂಗಲ್ ಕಾಯಿಲ್ ಗಾತ್ರದ್ದೇ ಹಂಬಕರ್ ಪಿಕಪ್ ಸಿಗುತ್ತದೆ, ಕುತ್ತಿಗೆ ಜಾಗಕ್ಕೆ ಹಾಕಿಸಿ. ಮರ ಕೊರೆಯಬೇಕಿಲ್ಲ, ನಾಲ್ಕು ಬೆಸುಗೆ ಸಾಕು. ಒಂದು ಅಗ್ಗದ ಕಂಪ್ರೆಸರ್ ಪೆಡಲ್ ಕೂಡ ತಗೋಬಹುದು, ಸ್ವರ ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತದೆ. ಡಿಸ್ಟಾರ್ಷನ್ ಪೆಡಲ್ ಯಾರಾದರೂ ಕಾಲೇಜು ಹುಡುಗರಿಗೆ ಮಾರಿಬಿಡಿ.

ಪ್ರಶ್ನೆ: ನಾನು ಗೋಣಿಕೊಪ್ಪದವಳು. ಬಿ.ಬಿ. ಕಿಂಗ್ ಅವರ ಗಿಟಾರ್ ಲೂಸಿಲ್ ತರಹದ್ದೇ, ಒಳಗೆ ಟೊಳ್ಳಿರುವ ಗಿಟಾರ್ ಇಲ್ಲದೆ ಆ ನಾದ ಬರಲ್ಲ ಅಂತಾರೆ. ಎಪಿಫೋನ್ ಕಂಪನಿಯ ಸೆಮಿ ಹಾಲೋ (ಅರೆ ಟೊಳ್ಳಿನ) ಗಿಟಾರ್ ತಗೊಳ್ಳುವ ಯೋಚನೆ ಇದೆ. ಸರಿನಾ?

ಉತ್ತರ: ದುಡ್ಡಿದ್ದರೆ ತಗೊಳ್ಳಿ ಅಕ್ಕ, ಚೆಂದದ ವಾದ್ಯ. ಆದರೆ ಒಂದು ವಿಷಯ ಗೊತ್ತಿರಲಿ. ಲೂಸಿಲ್ ಅನ್ನೋದು ಒಂದೇ ಗಿಟಾರ್ ಅಲ್ಲ. 1949ರ ಚಳಿಗಾಲದಲ್ಲಿ ಅರ್ಕಾನ್ಸಾಸಿನ ಟ್ವಿಸ್ಟ್ ಅನ್ನುವ ಊರಲ್ಲಿ ಕಿಂಗ್ ನುಡಿಸುತ್ತಿದ್ದರು. ಕುಣಿಯುವ ಜಾಗ ಬೆಚ್ಚಗಿರಲಿ ಅಂತ ಡ್ರಮ್ಮಿನಲ್ಲಿ ಸೀಮೆಎಣ್ಣೆ ಉರಿಸಿದ್ದರು. ಇಬ್ಬರು ಗಂಡಸರು ಜಗಳಕ್ಕೆ ಬಿದ್ದು ಅದನ್ನು ಉರುಳಿಸಿದರು. ಮನೆ ಹೊತ್ತಿಕೊಂಡಿತು. ಹೊರಗೆ ಓಡಿ ಬಂದ ಕಿಂಗ್, ಗಿಟಾರ್ ಒಳಗೇ ಇದೆ ಅಂತ ಮತ್ತೆ ಬೆಂಕಿಗೆ ನುಗ್ಗಿದರು. ಜಗಳ ಲೂಸಿಲ್ ಅನ್ನುವ ಹೆಣ್ಣಿನ ವಿಷಯಕ್ಕೆ ಅಂತ ಮರುದಿನ ಗೊತ್ತಾಯಿತು. ಇನ್ನು ಇಂಥ ಹುಚ್ಚಾಟ ಮಾಡಬಾರದು ಅಂತ ನೆನಪಿಗೆ ಗಿಟಾರಿಗೆ ಆ ಹೆಸರಿಟ್ಟರು. ಆಮೇಲೆ ಬಂದ ಎಲ್ಲ ಗಿಟಾರಿಗೂ ಅದೇ ಹೆಸರು.

ಇನ್ನು ಟೊಳ್ಳಿನ ವಿಷಯ. ವೇದಿಕೆಯಲ್ಲಿ ಜೋರಾಗಿ ನುಡಿಸಿದಾಗ ಅಂಥ ಗಿಟಾರಿನ ಮೈಮೇಲಿರುವ ಎಫ್ ಆಕಾರದ ತೂತುಗಳಿಂದಲೇ ಕುಯ್ಯ್ ಅಂತ ಕೂಗು ಹತ್ತುತ್ತದೆ. ಕಿಂಗ್ ಅದರೊಳಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಕಂಪನಿ ಕಿಂಗ್ ಅವರಿಗಾಗಿ ಲೂಸಿಲ್ ಮಾದರಿ ತಂದಾಗ ತೂತುಗಳನ್ನೇ ತೆಗೆದುಹಾಕಿತು. ಅಂದರೆ ಯಾವ ತೂತಿಗೆ ನೀವು ಆಸೆ ಪಡುತ್ತಿದ್ದೀರೋ ಅದನ್ನು ಅವರೇ ಮುಚ್ಚಿಸಿದರು! ನಮ್ಮಲ್ಲಂತೂ ಆ ತೂತಿನಿಂದ ಒಳಗೆ ಥಂಡಿ ಹೋಗಿ ಬೂಷ್ಟು ಹಿಡಿಯುತ್ತದೆ. ನಾನು ಒಂದರೊಳಗಿಂದ ಜೇಡನ ಮೊಟ್ಟೆಯ ಗೂಡನ್ನೂ ತೆಗೆದಿದ್ದೇನೆ.

ಪ್ರಶ್ನೆ: ಆಂಪ್ ಹಾಕಿದ ಕೂಡಲೇ ಗುಂಯ್ ಅನ್ನುತ್ತದೆ. ತಂತಿ ಮುಟ್ಟಿದರೆ ಕಮ್ಮಿ ಆಗುತ್ತದೆ. ಒಂದೊಂದು ಸಲ ಬೆರಳು ಜುಮ್ ಅನ್ನುತ್ತದೆ. ಗಿಟಾರ್ ಹಾಳಾಗಿದೆಯಾ? — ಪೊನ್ನಂಪೇಟೆ ಓದುಗ

ಉತ್ತರ: ಗುಂಯ್ ಅನ್ನೋದಕ್ಕೆ ಹೆದರಬೇಡಿ. ಸಿಂಗಲ್ ಕಾಯಿಲ್ ಪಿಕಪ್ಪಿನ ಗುಣವೇ ಅದು. ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್ ಹತ್ತಿರ ಇದ್ದರೆ ಜಾಸ್ತಿ. ಕೂತ ಕಡೆಯೇ ಸ್ವಲ್ಪ ತಿರುಗಿ ಕೂತರೆ ಒಂದು ದಿಕ್ಕಿನಲ್ಲಿ ಕಮ್ಮಿಯಾಗುತ್ತದೆ.

ಜುಮ್ ಅನ್ನೋದು ಮಾತ್ರ ಬೇರೆ ಮಾತು. ಇವತ್ತೇ ನುಡಿಸೋದು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ನಾನು ನೋಡಿದ ಹಳೇ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಮೂರನೇ ವೈರ್ ಎಲ್ಲಿಗೂ ಹೋಗಿರಲ್ಲ. ಅರ್ಥ್ ಗುಂಡಿ ಇದ್ದರೂ ಫೆಬ್ರವರಿ, ಮಾರ್ಚಲ್ಲಿ ಮಣ್ಣು ಒಣಗಿ ಕೆಲಸ ಮಾಡಲ್ಲ, ನೀರು ಹಾಕುತ್ತಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಶುರುವಾದರೆ ಆಂಪ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕಿತ್ತುಬಿಡಿ.

ಪ್ರಶ್ನೆ: ಭಾಗಮಂಡಲದಲ್ಲಿ ಮನೆ. ಜೂನ್‌ನಲ್ಲಿ ಹಾಕಿದ ತಂತಿ ಜುಲೈಗೆ ತುಕ್ಕು. ಅಮ್ಮ ಗಿಟಾರನ್ನು ಬಟ್ಟೆ ಬೀರುವಿನಲ್ಲಿ ಬಲ್ಬು ಹಾಕಿ ಇಡು ಅಂತಾರೆ.

ಉತ್ತರ: ಅಮ್ಮನ ಬಲ್ಬು ರೇಷ್ಮೆ ಸೀರೆಗೆ ಒಳ್ಳೆಯದು, ಗಿಟಾರಿಗೆ ಬೇಡ. ಒಂದೇ ಕಡೆ ಬಿಸಿ ಬಿದ್ದರೆ ಮರ ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ಒಲೆ ಮೇಲಿನ ಅಟ್ಟವೂ ಬೇಡ. ಗಟ್ಟಿ ಕೇಸಿನಲ್ಲಿ ಇಟ್ಟು ಎರಡು ಹಿಡಿ ಸಿಲಿಕಾ ಜೆಲ್ ಅನ್ನು ಬಟ್ಟೆ ಚೀಲದಲ್ಲಿ ಹಾಕಿಡಿ. ಬಣ್ಣ ಬದಲಾಗುವ ನೀಲಿ ಜೆಲ್ ಆದರೆ ಗುಲಾಬಿ ಆದಾಗ ತೆಗೆದು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆ ಬಳಸಬೇಡಿ, ಇದಕ್ಕೇ ಬೇರೆ ಪಾತ್ರೆ ಇಡಿ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಬಟ್ಟೆಯಲ್ಲಿ ಹಿಡಿದು ಒರೆಸಿ, ಕೆಳಭಾಗವನ್ನೂ ಸೇರಿಸಿ. ಲೇಪ ಇರುವ ತಂತಿ ದುಬಾರಿ, ಆದರೆ ನಿಮ್ಮ ಊರಿಗೆ ಲೆಕ್ಕ ಹಾಕಿದರೆ ಅದೇ ಅಗ್ಗ. ಆಗಸ್ಟ್ ಹೊತ್ತಿಗೆ ತಂತಿ ಫ್ರೆಟ್ಟಿಗೆ ತಾಗಿ ಝರ್ರ್ ಅಂದರೆ ಕುತ್ತಿಗೆ ಬಾಗಿರಬಹುದು. ಕುತ್ತಿಗೆಯೊಳಗಿನ ಕಂಬಿ, ಅಂದರೆ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಒಂದು ರಾತ್ರಿ ಬಿಟ್ಟು ನೋಡಿ. ಕೈ ನಡುಗಿದರೆ ನನ್ನ ಹತ್ತಿರ ತನ್ನಿ. ಬಸ್ಸಿನಲ್ಲಿ ತರುವಾಗ ತಂತಿ ಸ್ವಲ್ಪ ಸಡಿಲ ಮಾಡಿರಿ, ಮೇಲೆ ಮಾತ್ರ ಹಾಕಬೇಡಿ.