ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡ ಕಾರು ಯಾರಿಗಾಗಿ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ದೊಡ್ಡ ಐಷಾರಾಮಿ ಕಾರುಗಳನ್ನೇ ಕುರಿತಿದ್ದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಒಂದೇ ವರ್ಷದೊಳಗೆ ಮೂವರು ಭಾರಿ ಕಾರುಗಳನ್ನು ಕೊಂಡರು. ಕೇಳಿದರೆ ಮೂವರೂ ‘ಇದು ಶೋಕಿಯಲ್ಲ, ಅಗತ್ಯ’ ಎನ್ನುತ್ತಾರೆ. ಮೂವರ ಮನೆಯಲ್ಲೂ ಇರುವುದು ಮೂರು ನಾಲ್ಕು ಮಂದಿ. ಅವರು ನಮಗೆ ಸುಳ್ಳು ಹೇಳುತ್ತಿದ್ದಾರೆಯೇ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೆಯೇ?

ಉತ್ತರ: ಎರಡೂ ಅಲ್ಲದಿರಬಹುದು. ಮೊದಲು ಕೊಂಡವರಿಗೆ ಅದು ಆಸೆಯಾಗಿದ್ದಿರಬಹುದು. ಮೂರನೆಯವರು ಕೊಳ್ಳುವ ಹೊತ್ತಿಗೆ ಅದು ನಿಜಕ್ಕೂ ಅಗತ್ಯವೆಂದು ಅನ್ನಿಸತೊಡಗಿರುತ್ತದೆ. ಸರಕು ಬದಲಾಗಿಲ್ಲ, ಸುತ್ತಲಿನ ಅಳತೆಗೋಲು ಬದಲಾಗಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ ಈ ಸ್ವಭಾವವನ್ನು 1899ರಲ್ಲೇ ವಿವರಿಸಿದ್ದರು. ಆಗ ಮೋಟಾರು ಕಾರು ಇನ್ನೂ ತೊಟ್ಟಿಲಲ್ಲಿತ್ತು. ಗೌರವ ಪಡೆಯಲು ಸಂಪತ್ತು ಇದ್ದರೆ ಸಾಲದು, ಅದಕ್ಕೆ ಕಣ್ಣಿಗೆ ಬೀಳುವ ಸಾಕ್ಷಿ ಬೇಕು ಎಂಬುದು ಅವರ ವಾದ. ಮನೆಯನ್ನು ಹೋದಲ್ಲೆಲ್ಲ ಹೊತ್ತೊಯ್ಯಲಾಗುವುದಿಲ್ಲ, ಬ್ಯಾಂಕಿನ ಪಾಸ್‌ಬುಕ್ಕನ್ನು ಕೊರಳಿಗೆ ತೂಗುಹಾಕಿಕೊಳ್ಳಲಾಗುವುದಿಲ್ಲ. ಕಾರು ಮಾತ್ರ ಮಾಲೀಕರ ಜೊತೆಗೇ ಊರೆಲ್ಲ ಸುತ್ತುತ್ತದೆ, ಅಪರಿಚಿತರಿಗೂ ಅದರ ಬೆಲೆ ಸುಮಾರಾಗಿ ಗೊತ್ತಿರುತ್ತದೆ, ಮೇಲಾಗಿ ‘ಓಡಾಟಕ್ಕೆ ಬೇಕಲ್ಲ’ ಎಂಬ ನೆಪವೂ ಸಿದ್ಧವಾಗಿರುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯಲ್ಲಿ ನಾವು ನಗುವುದು ಕೊಡೆಯನ್ನು ಕಂಡಲ್ಲ, ಆ ಹೊತ್ತಿನಲ್ಲಿ ಅದಕ್ಕೆ ನೆಪವಿಲ್ಲದ್ದನ್ನು ಕಂಡು. ಕಾರಿಗೆ ಆ ತೊಂದರೆ ಇಲ್ಲ.

ಈ ಆಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟವರು ಉದ್ಯಮದವರೇ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಎಲ್ಲರಿಗೂ ಒಂದೇ ಬಗೆಯ ಕಾರನ್ನು ಕೊಟ್ಟಿತು. ಹಲವು ವರ್ಷ ಅದರ ಬಣ್ಣವೂ ಒಂದೇ, ಕಪ್ಪು. 1920ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದು, ಕೆಳಗೆ ಷೆವ್ರೊಲೆ, ಮೇಲೆ ಕ್ಯಾಡಿಲಾಕ್, ನಡುವೆ ಬೇರೆ ಬೇರೆ ಹೆಸರಿನ ಕಾರುಗಳು ಎಂದು ಏಣಿಯೊಂದನ್ನೇ ಕಟ್ಟಿದರು. ಸಂಬಳ ಏರಿದಂತೆ ಗಿರಾಕಿಯೂ ಒಂದೊಂದು ಮೆಟ್ಟಿಲು ಏರಬೇಕು, ತಾನು ಏರಿದ್ದು ನೆರೆಯವರಿಗೂ ತಿಳಿಯಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಇಂದಿಗೂ ಹೆಚ್ಚಿನ ಕಂಪನಿಗಳು ತಮ್ಮ ಕಾರುಗಳಿಗೆ ಏರುಕ್ರಮದಲ್ಲಿ ಅಂಕಿಗಳನ್ನೋ ಅಕ್ಷರಗಳನ್ನೋ ಇಡುವುದು ಆ ಏಣಿಯ ನೆನಪಿನಲ್ಲೇ.

ನಿಮ್ಮ ಕಚೇರಿಯ ಕಥೆಗೆ ಇನ್ನೂ ಹತ್ತಿರದ ಉದಾಹರಣೆ ನೆದರ್ಲೆಂಡ್ಸ್‌ನದು. ಅಲ್ಲಿ ಅಂಚೆ ಸಂಕೇತವನ್ನೇ ಟಿಕೆಟ್ ಸಂಖ್ಯೆಯಾಗಿಸಿಕೊಂಡ ಲಾಟರಿಯೊಂದಿದೆ. ಅದರ ಬಹುಮಾನಗಳಲ್ಲಿ ನಗದಿನ ಜೊತೆಗೆ ಹೊಸ ಬಿಎಂಡಬ್ಲ್ಯು ಕಾರೂ ಇತ್ತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಫಲಿತಾಂಶ ಸೊಗಸಾಗಿದೆ. ಕಾರು ಗೆದ್ದವರಲ್ಲಿ ಬಹುತೇಕರು ಅದನ್ನು ಇಟ್ಟುಕೊಳ್ಳದೆ ಹಣ ಮಾಡಿಕೊಂಡರು. ಆದರೆ ಟಿಕೆಟ್ಟನ್ನೇ ಕೊಳ್ಳದ, ಗೆದ್ದವರ ಪಕ್ಕದ ಮನೆಯಲ್ಲಿದ್ದ ಕುಟುಂಬಗಳು ತಮ್ಮಂಥ ಇತರರಿಗಿಂತ ಕಾರಿನ ಮೇಲೆ ಹೆಚ್ಚು ಖರ್ಚು ಮಾಡಿದ್ದವು. ಲಾಟರಿ ಹೊಡೆದದ್ದು ಒಬ್ಬರಿಗೆ, ಕಾರು ಬದಲಾದದ್ದು ಪಕ್ಕದ ಮನೆಯಲ್ಲಿ.

ಇದರಲ್ಲಿ ನನಗೆ ದೋಷ ಕಾಣುವುದು ಆಸೆಯಲ್ಲಲ್ಲ, ಅದಕ್ಕೆ ಇಡುವ ಹೆಸರಿನಲ್ಲಿ. ‘ನನಗೆ ಗತ್ತು ಬೇಕು’ ಎಂದು ಒಪ್ಪಿಕೊಂಡವರಿಗೆ ಎಷ್ಟು ಗತ್ತು, ಎಷ್ಟು ಹಣಕ್ಕೆ ಎಂಬ ಲೆಕ್ಕ ಸಿಗುತ್ತದೆ. ಅದನ್ನೇ ಸುರಕ್ಷತೆ, ಕುಟುಂಬದ ಹಿತ ಎಂದು ಕರೆದುಬಿಟ್ಟರೆ ಲೆಕ್ಕ ಮುಗಿಯುವುದೇ ಇಲ್ಲ. ಮಕ್ಕಳ ಸುರಕ್ಷತೆಗೆ ಇಷ್ಟು ಸಾಕು ಎಂದು ಯಾವ ತಾಯಿತಂದೆ ಹೇಳಿಯಾರು?

ಪ್ರಶ್ನೆ: ಅಪಘಾತವಾದರೆ ದೊಡ್ಡ ಕಾರಿನಲ್ಲಿದ್ದವರು ಬದುಕುತ್ತಾರೆ ಎನ್ನುತ್ತಾರೆ. ಚಿಕ್ಕ ಮಕ್ಕಳಿರುವ ನಮಗೆ ಇದು ನಿಜವಾದ ಕಾರಣವಲ್ಲವೇ?

ಉತ್ತರ: ಅರ್ಧ ನಿಜ, ಆ ಅರ್ಧ ಭೌತಶಾಸ್ತ್ರದ್ದು. 2400 ಕಿಲೋ ತೂಕದ ಕಾರೊಂದು, 1200 ಕಿಲೋ ತೂಕದ ಇನ್ನೊಂದು, ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆದು ಒಂದಕ್ಕೊಂದು ಕಚ್ಚಿಕೊಂಡವು ಎನ್ನೋಣ. ಡಿಕ್ಕಿಯ ನಂತರ ಎರಡೂ ಸೇರಿ ಭಾರದ ಕಾರು ಹೋಗುತ್ತಿದ್ದ ದಿಕ್ಕಿಗೇ ಸುಮಾರು 17 ಕಿ.ಮೀ. ವೇಗದಲ್ಲಿ ಜಾರುತ್ತವೆ. ಅಂದರೆ ಭಾರದ ಕಾರಿನಲ್ಲಿದ್ದವರ ವೇಗ ಕ್ಷಣಾರ್ಧದಲ್ಲಿ 33 ಕಿ.ಮೀ.ಯಷ್ಟು ಬದಲಾದರೆ, ಹಗುರ ಕಾರಿನಲ್ಲಿದ್ದವರದು 67 ಕಿ.ಮೀ.ಯಷ್ಟು ಬದಲಾಗುತ್ತದೆ, ಅವರು ಮುಂದೆ ಹೋಗುತ್ತಿದ್ದವರು ಹಿಂದಕ್ಕೆ ಎಸೆಯಲ್ಪಟ್ಟಿರುತ್ತಾರೆ. ದೇಹಕ್ಕೆ ಆಗುವ ಪೆಟ್ಟು ಬಹುಮಟ್ಟಿಗೆ ಈ ಬದಲಾವಣೆಯನ್ನೇ ಅವಲಂಬಿಸಿದೆ.

ಈಗ ಅದೇ ಲೆಕ್ಕವನ್ನು ಎರಡೂ ಕಾರು 1200 ಕಿಲೋ ಇದ್ದಾಗ ಮಾಡಿ ನೋಡಿ: ಇಬ್ಬರಿಗೂ 50. ಎರಡೂ 2400 ಕಿಲೋ ಇದ್ದರೆ? ಆಗಲೂ ಇಬ್ಬರಿಗೂ 50. ತೂಕದಿಂದ ಸಿಗುವ ರಕ್ಷಣೆ ಹೊಸದಾಗಿ ಹುಟ್ಟಿದ್ದಲ್ಲ, ಎದುರಿನವರಿಂದ ಕಿತ್ತುಕೊಂಡದ್ದು. ಎದುರಿನವರೂ ದೊಡ್ಡ ಕಾರು ಕೊಂಡ ದಿನ ಅದು ಮಾಯವಾಗುತ್ತದೆ. ಅಮೆರಿಕದ ಅಪಘಾತಗಳ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಡಿಕ್ಕಿ ಹೊಡೆದ ವಾಹನದ ತೂಕ 1000 ಪೌಂಡ್, ಅಂದರೆ ಸುಮಾರು 450 ಕಿಲೋ ಹೆಚ್ಚಾಗಿದ್ದರೆ, ಡಿಕ್ಕಿ ಹೊಡೆಸಿಕೊಂಡ ವಾಹನದಲ್ಲಿ ಸಾವು ಸಂಭವಿಸುವ ಸಾಧ್ಯತೆ ಶೇ. 47ರಷ್ಟು ಏರುತ್ತದೆ. ಕಾರು ಕೊಳ್ಳುವಾಗ ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು.

ಇನ್ನು ಗಟ್ಟಿ ಗೋಡೆಗೆ ಗುದ್ದಿದಾಗ ಸ್ವಂತ ತೂಕದಿಂದ ಅಂಥ ಪ್ರಯೋಜನವಿಲ್ಲ. ಅಲ್ಲಿ ಕಾಯುವುದು ಕಾರಿನ ಮುಂಭಾಗ ಹದವಾಗಿ ನುಜ್ಜಾಗುವ ರೀತಿ, ಸೀಟ್ ಬೆಲ್ಟ್, ಏರ್‌ಬ್ಯಾಗ್. ಒಂದು ಕಾಲಕ್ಕೆ ಇವುಗಳಿಗಾಗಿಯೇ ದುಬಾರಿ ಕಾರು ಕೊಳ್ಳಬೇಕಿತ್ತು ಎಂಬುದು ನಿಜ. ಜೋರಾಗಿ ಬ್ರೇಕು ಒತ್ತಿದಾಗ ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ, ಚಾಲಕರ ಏರ್‌ಬ್ಯಾಗ್ 1981ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿನಲ್ಲಿ ಬಂದವು. ಇವತ್ತು ಅವು ಸಣ್ಣ ಕಾರುಗಳಲ್ಲೂ ಇವೆ. 1997ರಿಂದ ಕಾರುಗಳನ್ನು ಗುದ್ದಿಸಿ ಪರೀಕ್ಷಿಸುತ್ತಿರುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2020ರಿಂದ ಕಾರನ್ನು 1400 ಕಿಲೋ ತೂಕದ ಚಲಿಸುವ ಗಾಡಿಗೆ ಗುದ್ದಿಸಿ, ಎದುರಿನ ವಾಹನಕ್ಕೆ ಅದು ಎಷ್ಟು ಹಾನಿ ಮಾಡುತ್ತದೆ ಎಂಬುದನ್ನೂ ಅಳೆದು ಅಂಕ ಕಡಿತ ಮಾಡುತ್ತದೆ. ಒಂದು ಎಚ್ಚರಿಕೆ: ಸುರಕ್ಷತೆಗೆ ಆ ಸಂಸ್ಥೆ ಕೊಡುವ ನಕ್ಷತ್ರಗಳನ್ನು ಹೆಚ್ಚುಕಡಿಮೆ ಒಂದೇ ತೂಕದ ಕಾರುಗಳ ನಡುವೆ ಮಾತ್ರ ಹೋಲಿಸಬೇಕು.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಎತ್ತರದ ಕಾರಿನ ಚಾಲಕರ ಸೀಟಿನಲ್ಲಿ ಕುಳಿತು, ಮನೆಯವರೊಬ್ಬರಿಗೆ ಬಂಪರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಲು ಹೇಳಿ. ಅವರು ನಿಮಗೆ ಕಾಣುವುದಿಲ್ಲ. ಹಾಗೇ ಹಿಂದೆ ಹಿಂದೆ ಸರಿಯಲು ಹೇಳಿ, ಅವರ ತಲೆ ಎಷ್ಟು ದೂರದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಗಮನಿಸಿ. ಆ ದೂರದೊಳಗೆ ಮೂರು ವರ್ಷದ ಮಗು ನಿಂತಿರಬಹುದು. ಬಾನೆಟ್ಟಿನ ಅಂಚು ಸುಮಾರು ಒಂದು ಮೀಟರಿಗಿಂತ ಎತ್ತರವಿರುವ ವಾಹನಗಳು ಪಾದಚಾರಿಗೆ ಬಡಿದಾಗ ಸಾವಿನ ಸಾಧ್ಯತೆ, ತಗ್ಗಾದ ಇಳಿಜಾರು ಬಾನೆಟ್ಟಿನವುಗಳಿಗೆ ಹೋಲಿಸಿದರೆ ಶೇ. 45ರಷ್ಟು ಹೆಚ್ಚು ಎಂದು ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ವರದಿ ಮಾಡಿದೆ.

ಪ್ರಶ್ನೆ: ತಂದೆಯವರಿಗೆ ಎರಡೂ ಮೊಣಕಾಲು ನೋವು. ಸಣ್ಣ ಕಾರಿನಿಂದ ಏಳುವಾಗ ಬಾಗಿಲು ಹಿಡಿದು ನರಳುತ್ತಾರೆ. ದೊಡ್ಡ ಕಾರು ಕೊಳ್ಳಬೇಕೆಂದರೆ ತಮ್ಮ ‘ದೌಲತ್ತು ಬೇಡ’ ಎನ್ನುತ್ತಾನೆ.

ಉತ್ತರ: ನಿಮ್ಮದು ದೌಲತ್ತಲ್ಲ, ಆದರೆ ಮದ್ದು ದೊಡ್ಡ ಕಾರೂ ಅಲ್ಲ. ನಿಮಗೆ ಬೇಕಾದದ್ದು ಸೀಟಿನ ಎತ್ತರ. ತಂದೆಯವರು ಸಲೀಸಾಗಿ ಕೂತೇಳುವ ಕುರ್ಚಿಯೊಂದು ಮನೆಯಲ್ಲಿ ಇದ್ದೇ ಇರುತ್ತದೆ. ಅದರ ಎತ್ತರವನ್ನು ಟೇಪಿನಿಂದ ಅಳೆದುಕೊಂಡು ಹೋಗಿ, ಕಾರಿನ ಸೀಟು ನೆಲದಿಂದ ಅಷ್ಟೇ ಎತ್ತರದಲ್ಲಿದೆಯೇ, ಬಾಗಿಲ ಹೊಸ್ತಿಲು ತೀರಾ ಅಗಲವಿಲ್ಲವೇ ಎಂದು ನೋಡಿ. ತಗ್ಗಾದ ಐಷಾರಾಮಿ ಸೆಡಾನ್‌ಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಕಾಲೆತ್ತಿ ಹತ್ತಬೇಕಾದ ಭಾರಿ ಎಸ್‌ಯುವಿಗಳೂ ಸೋಲುತ್ತವೆ. ಗೆಲ್ಲುವುದು ಬಹಳ ಸಲ ಯಾರೂ ತಿರುಗಿ ನೋಡದ, ಪೆಟ್ಟಿಗೆಯಂತಿರುವ ಎತ್ತರದ ಸಣ್ಣ ಕಾರು. ತಂದೆಯವರನ್ನೇ ಕರೆದೊಯ್ದು ಹತ್ತು ಬಾರಿ ಹತ್ತಿಸಿ ಇಳಿಸಿ. ಮಾರಾಟಗಾರರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಪ್ರಶ್ನೆ: ದೊಡ್ಡ ಕಾರಿನ ಪಯಣ ಸುಖವೆನ್ನುವುದು ಬರೀ ಭ್ರಮೆಯೇ?

ಉತ್ತರ: ಖಂಡಿತ ಅಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಹೆಚ್ಚಿದಷ್ಟೂ ಉಬ್ಬು ದಾಟುವಾಗ ಕಾರು ಮುಂದಕ್ಕೂ ಹಿಂದಕ್ಕೂ ತೊನೆಯುವುದು ಕಡಿಮೆಯಾಗುತ್ತದೆ. ಜೊತೆಗೆ ಸ್ಪ್ರಿಂಗಿನ ಮೇಲೆ ಕೂತ ದೇಹದ ತೂಕ ಹೆಚ್ಚಿದ್ದು, ಅದಕ್ಕೆ ಹೋಲಿಸಿದರೆ ಕೆಳಗಿನ ಚಕ್ರ ಬ್ರೇಕುಗಳ ತೂಕ ಕಡಿಮೆಯಿದ್ದರೆ, ಗುಂಡಿಯ ಏಟು ಮೇಲಿನವರೆಗೆ ಬರುವುದು ಕಡಿಮೆ. ದಪ್ಪ ಗಾಜು, ಸದ್ದು ಹೀರುವ ಪದರಗಳು ಇವೆಲ್ಲಕ್ಕೂ ತೂಕವೇ ಬೇಕು. ದಿನಕ್ಕೆ ನಾಲ್ಕು ಗಂಟೆ ಕಾರಿನಲ್ಲೇ ಕಳೆಯುವವರಿಗೆ ಇದು ಬೆನ್ನಿಗೆ ಸಂಬಂಧಿಸಿದ ವಿಷಯ, ಅವರನ್ನು ಹಂಗಿಸುವುದು ಸಲ್ಲ. ತಮಾಷೆಯೆಂದರೆ, ಇದೇ ಸುಖಕ್ಕಾಗಿ ಹಣ ತೆತ್ತವರು ಅಂದಕ್ಕೆಂದು ಅಗಲ ರಿಮ್ಮು, ತೆಳು ಟೈರು ಹಾಕಿಸುತ್ತಾರೆ. ಟೈರಿನೊಳಗಿನ ಗಾಳಿಯೇ ಮೊದಲ ಸ್ಪ್ರಿಂಗು ಎಂಬುದು ಮರೆತುಹೋಗುತ್ತದೆ. ಅಲ್ಲಿಗೆ ಸುಖ ಹೋಯಿತು, ನೋಟ ಉಳಿಯಿತು.

ಪ್ರಶ್ನೆ: ವರ್ಷಕ್ಕೆ ಎರಡು ಬಾರಿ ನಾವು ಏಳು ಮಂದಿ ಒಟ್ಟಿಗೆ ಪ್ರವಾಸ ಹೋಗುತ್ತೇವೆ. ಏಳು ಸೀಟಿನ ಕಾರು ಸರಿಯೇ?

ಉತ್ತರ: ಆ ಎರಡು ಬಾರಿ ಬಾಡಿಗೆಗೆ ತನ್ನಿ. ಹೆಚ್ಚಿನ ಕಾರುಗಳಲ್ಲಿ ಮೂರನೇ ಸಾಲು ಬಿಡಿಸಿದ ಮೇಲೆ ಏಳು ಮಂದಿಯ ಚೀಲಗಳಿಗೆ ಜಾಗವೇ ಇರುವುದಿಲ್ಲ. ಉಳಿದ ದಿನಗಳಲ್ಲಿ ಖಾಲಿ ಸೀಟುಗಳನ್ನು ಇಂಧನ ಸುಟ್ಟು ಹೊತ್ತು ತಿರುಗುತ್ತೀರಿ.

ಪ್ರಶ್ನೆ: ನಾನು ಸ್ವಂತ ಸಲಹಾ ವೃತ್ತಿ ಆರಂಭಿಸಿದ್ದೇನೆ. ಸಣ್ಣ ಕಾರಿನಲ್ಲಿ ಹೋದರೆ ಗಿರಾಕಿಗಳು ನನ್ನ ಶುಲ್ಕದ ಬಗ್ಗೆ ಚೌಕಾಶಿ ಮಾಡುತ್ತಾರೆಂದು ಹಿರಿಯರೊಬ್ಬರು ಹೇಳಿದರು. ಸಾಲ ಮಾಡಿ ದೊಡ್ಡ ಕಾರು ಕೊಳ್ಳಲೇ?

ಉತ್ತರ: ಈ ತಿಂಗಳ ಪತ್ರಗಳಲ್ಲಿ ಪ್ರತಿಷ್ಠೆಯನ್ನು ಪ್ರತಿಷ್ಠೆಯೆಂದೇ ಕರೆದವರು ನೀವೊಬ್ಬರೇ, ಅದಕ್ಕಾಗಿ ಮೊದಲು ವಂದನೆ. ನಿಮ್ಮ ಕೆಲಸದ ಗುಣಮಟ್ಟವನ್ನು ಮುಂಚಿತವಾಗಿ ಅಳೆಯಲು ಗಿರಾಕಿಗೆ ದಾರಿಯಿಲ್ಲದಿದ್ದಾಗ ಅವರು ಬೂಟು, ಗಡಿಯಾರ, ಕಾರು ನೋಡಿ ಅಂದಾಜು ಕಟ್ಟುತ್ತಾರೆ. ಮನೆ ಮಾರಿಸುವವರಿಗೆ, ಹಣಕಾಸು ಸಲಹೆಗಾರರಿಗೆ ಹೀಗಾಗುತ್ತದೆ. ಶಸ್ತ್ರವೈದ್ಯರ ಕಾರನ್ನು ನೋಡಿ ಆಪರೇಷನ್ನಿಗೆ ಒಪ್ಪುವವರನ್ನು ನಾನು ಕಂಡಿಲ್ಲ. ಆದ್ದರಿಂದ ಮೊದಲು ಒಂದು ಎಣಿಕೆ ಮಾಡಿ: ಕಳೆದ ಮೂರು ತಿಂಗಳಲ್ಲಿ ಎಷ್ಟು ಗಿರಾಕಿಗಳು ನಿಮ್ಮ ಕಾರನ್ನು ನಿಜವಾಗಿ ಕಂಡರು? ಭೇಟಿಗಳು ವಿಡಿಯೊ ಕರೆಯಲ್ಲೇ ಮುಗಿಯುತ್ತಿದ್ದರೆ ಒಳ್ಳೆಯ ಮೈಕು ಕೊಳ್ಳಿ.

ಕಾರೇ ಬೇಕೆಂದಾದರೆ ಹೊಸದನ್ನು ಕೊಳ್ಳಬೇಡಿ. ಐಷಾರಾಮಿ ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜೋರಾಗಿ ಕುಸಿಯುತ್ತದೆ, ಅದರ ಠೀವಿ ಅಷ್ಟು ಬೇಗ ಕುಸಿಯುವುದಿಲ್ಲ. ನಾಲ್ಕು ವರ್ಷ ಹಳೆಯದಾದರೂ ಚೆನ್ನಾಗಿ ತೊಳೆದ ಕಾರನ್ನು ಹೆಚ್ಚಿನವರು ಹೊಸದರಷ್ಟೇ ಗೌರವದಿಂದ ನೋಡುತ್ತಾರೆ. ಆದರೆ ಕಾರು ಹಳೆಯದಾದರೂ ಬಿಡಿಭಾಗಗಳ ಬೆಲೆ ಹೊಸ ಕಾರಿನದೇ. ಅದರ ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿಯ ಮೇಲೆ ಕಾರನ್ನು ಹೊರುವ ವ್ಯವಸ್ಥೆ), ಹೆಡ್‌ಲ್ಯಾಂಪು, ನಾಲ್ಕು ಟೈರುಗಳಿಗೆ ಎಷ್ಟಾಗುತ್ತದೆ ಎಂದು ಲಿಖಿತವಾಗಿ ಕೇಳಿ ಪಡೆದು, ಅಷ್ಟು ಹಣವನ್ನು ಬೇರೆಯಾಗಿ ತೆಗೆದಿಟ್ಟ ಮೇಲೆ ಮಾತ್ರ ಮುಂಗಡ ಕೊಡಿ. ಇಲ್ಲದಿದ್ದರೆ ಮೂಗಿಗಿಂತ ಮೂಗುತಿಯೇ ಭಾರವಾದೀತು.

ಪ್ರಶ್ನೆ: ಸಣ್ಣ ಕಾರುಗಳೇ ಕಾಣೆಯಾಗುತ್ತಿವೆ. ಹಾಗಿದ್ದ ಮೇಲೆ ಇದು ಜನರ ಆಯ್ಕೆ ಎನ್ನುವುದು ಸರಿಯೇ?

ಉತ್ತರ: ಪೂರ್ತಿ ಸರಿಯಲ್ಲ. ಕಾರಿನ ಉದ್ದ ಅರ್ಧ ಮೀಟರ್ ಹೆಚ್ಚಿಸಲು ತಗಲುವ ಉಕ್ಕು, ಗಾಜುಗಳ ಖರ್ಚು ಅಲ್ಪ. ಅದಕ್ಕಾಗಿ ಗಿರಾಕಿ ಹೆಚ್ಚು ಕೊಡಲು ಒಪ್ಪುವ ಮೊತ್ತ ಬಹಳ ದೊಡ್ಡದು. ಕಂಪನಿಗಳ ಲಾಭ ಇರುವುದು ಆ ಅಂತರದಲ್ಲಿ. ಉತ್ತರ ಅಮೆರಿಕದಲ್ಲಿ ತನ್ನ ಸೆಡಾನ್‌ಗಳನ್ನೆಲ್ಲ ಕೈಬಿಡುವುದಾಗಿ ಫೋರ್ಡ್ 2018ರಲ್ಲಿ ಘೋಷಿಸಿದ್ದು ಈ ಲೆಕ್ಕದಿಂದಲೇ. ಅಲ್ಲಿನ ಇಂಧನ ನಿಯಮಗಳು 1970ರ ದಶಕದಿಂದಲೂ ‘ಲಘು ಟ್ರಕ್’ ಎಂಬ ವರ್ಗಕ್ಕೆ ಕಾರುಗಳಿಗಿಂತ ಸಡಿಲವಾಗಿದ್ದು, ಎಸ್‌ಯುವಿಗಳು ಆ ವರ್ಗದೊಳಗೆ ನುಸುಳಿದ್ದೂ ಇದಕ್ಕೆ ಇಂಬು ಕೊಟ್ಟಿತು.

ಪ್ರಶ್ನೆ: ಇಷ್ಟೆಲ್ಲ ಬರೆಯುವ ನೀವು ಓಡಿಸುವುದು ಯಾವ ಕಾರು?

ಉತ್ತರ: ಒಂಬತ್ತು ವರ್ಷ ಹಳೆಯ ಸಣ್ಣ ಕಾರು, ಹಿಂದಿನ ಬಂಪರಿನಲ್ಲಿ ನಾನೇ ಮಾಡಿದ ಗೀರಿದೆ. ಆದರೆ ಕಳೆದ ವರ್ಷ ವಿಮರ್ಶೆಗೆಂದು ಒಂದು ವಾರ ಭಾರಿ ಕಾರೊಂದನ್ನು ಮನೆಗೆ ತಂದಿದ್ದೆ. ನನ್ನ ಕಾರನ್ನು ದಿನವೂ ಮೂತಿ ಒಳಗೆ ಮಾಡಿ ನುಗ್ಗಿಸಿ ನಿಲ್ಲಿಸುವವನು ಆ ಏಳು ದಿನವೂ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಹಿಂದೆ ಮುಂದೆ ಮಾಡಿ, ಅದರ ಮುಖ ಬೀದಿಗೆ ಕಾಣುವಂತೆ ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ಹೊರಡಲು ಸುಲಭವಾಗಲಿ ಎಂದು ಮನೆಯವರಿಗೆ ಹೇಳಿದ್ದೆ.