ಟಾರ್ಕ್ ಮತ್ತು ಮೊಮೆಂಟ್ ಬೇರೆಬೇರೆಯೇ?

ಪ್ರಶ್ನೆ: ಪಿಯುಸಿಯ ಭೌತಶಾಸ್ತ್ರದಲ್ಲಿ ‘ಟಾರ್ಕ್’ ಎಂದು ಕಲಿತದ್ದನ್ನೇ ಈಗ ಸಿವಿಲ್ ಡಿಪ್ಲೊಮಾದಲ್ಲಿ ‘ಮೊಮೆಂಟ್’ ಎನ್ನುತ್ತಾರೆ. ಎರಡಕ್ಕೂ ಸೂತ್ರ ಒಂದೇ, ಏಕಮಾನವೂ ನ್ಯೂಟನ್ ಮೀಟರ್. ವಸ್ತು ತಿರುಗಿದರೆ ಟಾರ್ಕ್, ತಿರುಗದಿದ್ದರೆ ಮೊಮೆಂಟ್ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರ ವಿವರಣೆ ನೆನಪಿಡಲು ಸುಲಭ, ಆದರೆ ಸರಿಯಲ್ಲ. ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ ಎಷ್ಟು ಒತ್ತಿದರೂ ಅದು ಕದಲದಿರಬಹುದು. ಆಗಲೂ ಅದರ ಮೇಲೆ ಬೀಳುತ್ತಿರುವುದು ಟಾರ್ಕೇ. ಭೌತಶಾಸ್ತ್ರದ ಮಟ್ಟಿಗೆ ಟಾರ್ಕ್ ಎಂದರೂ ಬಲದ ಮೊಮೆಂಟ್ ಎಂದರೂ ಒಂದೇ ಪರಿಮಾಣ: ನಾವು ಆಯ್ದುಕೊಂಡ ಬಿಂದುವಿನಿಂದ ಬಲದ ಕ್ರಿಯಾರೇಖೆಗೆ, ಅಂದರೆ ಬಲ ಸಾಗುವ ಗೆರೆಗೆ, ಇರುವ ಲಂಬ ದೂರವನ್ನು ಆ ಬಲದಿಂದ ಗುಣಿಸಿದರೆ ಬರುವ ಗುಣಲಬ್ಧ. ಅದೊಂದು ಸದಿಶ, ಅಂದರೆ ಅದಕ್ಕೆ ದಿಕ್ಕೂ ಇದೆ; ಯಾವ ಗೆರೆಯ ಸುತ್ತ ಅದು ತಿರುಗಿಸಲು ನೋಡುತ್ತದೋ ಆ ಅಕ್ಷದ ಗುಂಟ. ಎಂಜಿನಿಯರುಗಳು ಹೆಸರನ್ನು ಬೇರೆ ಮಾಡುವುದು ಈ ಅಕ್ಷ ಯಾವ ಕಡೆಗಿದೆ ಎಂಬುದನ್ನು ನೋಡಿ: ತುಂಡಿನ ಉದ್ದಕ್ಕೆ ಅಡ್ಡಲಾಗಿದ್ದರೆ ಅದು ತುಂಡನ್ನು ಬಾಗಿಸುವ ಬೆಂಡಿಂಗ್ ಮೊಮೆಂಟ್, ಉದ್ದದ ಗುಂಟ ಇದ್ದರೆ ತಿರುಚುವ ಟಾರ್ಕ್.

ಕಾರಿನ ಚಕ್ರ ಬಿಚ್ಚುವ ಎಲ್ ಆಕಾರದ ವೀಲ್ ಸ್ಪ್ಯಾನರನ್ನೇ ತೆಗೆದುಕೊಳ್ಳಿ. 40 ಸೆಂಟಿಮೀಟರ್ ಉದ್ದದ ಹಿಡಿಕೆಯನ್ನು ನೆಲಕ್ಕೆ ಸಮಾನಾಂತರವಾಗಿಟ್ಟು ಅದರ ತುದಿಯನ್ನು 200 ನ್ಯೂಟನ್ ಬಲದಿಂದ ಕೆಳಕ್ಕೆ ತುಳಿದರೆ, ಹಿಡಿಕೆ ಬಾಗಲು ನೋಡುತ್ತದೆ. ಮೂಲೆಯ ಹತ್ತಿರ ಅದರ ಬೆಂಡಿಂಗ್ ಮೊಮೆಂಟ್ 80 ನ್ಯೂಟನ್ ಮೀಟರ್. ಮೂಲೆ ದಾಟಿ ನಟ್ಟಿನ ಕಡೆಗೆ ಹೊರಳಿದ ಗಿಡ್ಡ ತುಂಡಿಗೆ ಬಂದೊಡನೆ ಅದೇ 80 ನ್ಯೂಟನ್ ಮೀಟರ್ ಆ ತುಂಡನ್ನು ಬಟ್ಟೆ ಹಿಂಡುವಂತೆ ಅದರ ಉದ್ದದ ಸುತ್ತಲೇ ತಿರುಚುತ್ತದೆ, ಆದ್ದರಿಂದ ಅಲ್ಲಿ ಅದು ಟಾರ್ಕ್. ಬಲವೂ ಬದಲಾಗಲಿಲ್ಲ, ಅಕ್ಷವೂ ಬದಲಾಗಲಿಲ್ಲ. ಕಬ್ಬಿಣ ಮಾತ್ರ ತಿರುವು ತೆಗೆದುಕೊಂಡಿತು. ಟಾರ್ಕ್ ಎಂಬ ಪದದ ಮೂಲವೂ ತಿರುಚುವುದು ಎಂಬರ್ಥದ ಲ್ಯಾಟಿನ್ ಧಾತು. ಅದು ಈ ಅರ್ಥದಲ್ಲಿ ಅಚ್ಚಿಗೆ ಬಂದದ್ದು 1884ರಲ್ಲಿ.

ಸಿವಿಲ್‌ನವರ ತೊಲೆ, ಸ್ಲ್ಯಾಬುಗಳು ತಿರುಚಿಕೊಳ್ಳುವುದಕ್ಕಿಂತ ಬಾಗುವುದೇ ಹೆಚ್ಚು. ಹಾಗಾಗಿ ಅವರ ಬಾಯಲ್ಲಿ ಮೊಮೆಂಟ್ ರೂಢಿಯಾಗಿದೆ. ಕಿಟಕಿಯ ಮೇಲಿನ ಸಜ್ಜದ ಅಂಚಿನಲ್ಲಿ, ಗೋಡೆಯಿಂದ 60 ಸೆಂಟಿಮೀಟರ್ ದೂರದಲ್ಲಿ, 600 ನ್ಯೂಟನ್ ತೂಕದ ಒಬ್ಬರು ಕುಳಿತರೆ ಸಜ್ಜ ಗೋಡೆಗೆ ಸೇರುವಲ್ಲಿ ಅವರೊಬ್ಬರಿಂದಲೇ 360 ನ್ಯೂಟನ್ ಮೀಟರ್ ಮೊಮೆಂಟ್ ಉಂಟಾಗುತ್ತದೆ. ಇದರಿಂದ ಸಜ್ಜದ ಮೇಲ್ಮೈ ಎಳೆತಕ್ಕೊಳಗಾಗುತ್ತದೆ, ಎಳೆತವನ್ನು ತಡೆಯುವ ಶಕ್ತಿ ಕಾಂಕ್ರೀಟಿಗೆ ಕಡಿಮೆ, ಆದ್ದರಿಂದಲೇ ಮುಖ್ಯ ಕಂಬಿಗಳನ್ನು ಮೇಲ್ಭಾಗದಲ್ಲಿ ಕಟ್ಟುತ್ತಾರೆ. ಕಾಂಕ್ರೀಟ್ ಹಾಕುವವರ ಕಾಲ್ತುಳಿತಕ್ಕೆ ಆ ಕಂಬಿಗಳು ತಳಕ್ಕೆ ಕುಸಿದರೆ ಸಜ್ಜಕ್ಕೆ ಆಸರೆ ಇಲ್ಲದಂತೆಯೇ ಸರಿ.

ಕೆಲವು ಪಠ್ಯಗಳು ಟಾರ್ಕ್ ಎಂಬ ಹೆಸರನ್ನು ಬಲಯುಗ್ಮಕ್ಕಷ್ಟೇ, ಅಂದರೆ ಬೇರೆಬೇರೆ ಗೆರೆಗಳಲ್ಲಿ ವಿರುದ್ಧ ದಿಕ್ಕಿಗೆ ಎಳೆಯುವ ಎರಡು ಸಮಾನ ಬಲಗಳ ಜೋಡಿಗಷ್ಟೇ, ಮೀಸಲಿಡುತ್ತವೆ. ಅಡ್ಡಪಟ್ಟಿಯ ಆಕಾರದ ಸ್ಪ್ಯಾನರನ್ನು ಎರಡು ಕೈಗಳಿಂದ ಹಿಡಿದು, 40 ಸೆಂಟಿಮೀಟರ್ ಅಂತರದಲ್ಲಿ ಒಂದು ಕಡೆ 100 ನ್ಯೂಟನ್ ಮೇಲಕ್ಕೂ ಇನ್ನೊಂದು ಕಡೆ ಅಷ್ಟನ್ನೇ ಕೆಳಕ್ಕೂ ಒತ್ತಿದರೆ, ನಿವ್ವಳ ಬಲ ಸೊನ್ನೆಯಾಗಿ 40 ನ್ಯೂಟನ್ ಮೀಟರ್ ಮಾತ್ರ ಉಳಿಯುತ್ತದೆ. ಯಾವ ಬಿಂದುವಿನಿಂದ ಲೆಕ್ಕ ಹಾಕಿದರೂ ಇದು ಅಷ್ಟೇ. ಒಂಟಿ ಬಲದ ಮೊಮೆಂಟಿಗೆ ಈ ಗುಣವಿಲ್ಲ, ಬಿಂದು ಬದಲಾದರೆ ಅದೂ ಬದಲಾಗುತ್ತದೆ.

ಇನ್ನು ಏಕಮಾನ. ನ್ಯೂಟನ್ ಮೀಟರನ್ನು ಇಲ್ಲಿ ಕೆಲಸದ ಏಕಮಾನವಾದ ಜೂಲ್ ಎಂದು ಬರೆಯಬಾರದು. ಕದಲದ ನಟ್ಟಿನ ಮೇಲೆ 80 ನ್ಯೂಟನ್ ಮೀಟರ್ ಟಾರ್ಕ್ ಇದ್ದರೂ ಅದರ ಮೇಲೆ ಆದ ಕೆಲಸ ಸೊನ್ನೆ. ಅದೇ ಟಾರ್ಕಿನಲ್ಲಿ ನಟ್ಟು ಒಂದು ರೇಡಿಯನ್, ಅಂದರೆ ಸುಮಾರು 57 ಡಿಗ್ರಿ, ತಿರುಗಿದಾಗ 80 ಜೂಲ್ ಕೆಲಸವಾಗುತ್ತದೆ. ನಿಮ್ಮ ಗೆಳೆಯರ ‘ತಿರುಗಿದರೆ’ ಎಂಬ ಷರತ್ತು ಹೊಂದುವುದು ಈ ಕೆಲಸದ ಲೆಕ್ಕಕ್ಕೆ.