ಮೇ ತಿಂಗಳಲ್ಲಿ ತೆಗೆಯೋದು, ಅಕ್ಟೋಬರಲ್ಲಿ ಮುಚ್ಚೋದು: ನಮ್ಮ ಫಿಶಿಂಗ್ ಕ್ಲಬ್ ಬಗ್ಗೆ

ಟೊರಾಂಟೋದಲ್ಲಿ ಕೆಲಸ, ಉತ್ತರ ಒಂಟಾರಿಯೋ ಕಡೆ ಯಾವ್ದೋ ಲೇಕ್ ದಡದ ಫಿಶಿಂಗ್ ಕ್ಲಬ್ಬಿಗೆ ಮೆಂಬರ್ ಆಗೋ ಆಸೆ, ಅಲ್ಲಿ ದಿನ ಹೇಗೆ ಹೋಗುತ್ತೆ, ಮೇಂಟೆನೆನ್ಸ್ ಎಷ್ಟಿರುತ್ತೆ ಅಂತ ಕೇಳಿದೀರಿ. ನಾನು 9 ವರ್ಷದಿಂದ ಟೆಮಾಗಮಿ ಕಡೆ ಇಂಥದ್ದೊಂದು ಚಿಕ್ಕ ಕ್ಲಬ್ಬಲ್ಲಿದೀನಿ. ಒಟ್ಟು 14 ಜನ, ಮೂರು ಮರದ ಕ್ಯಾಬಿನ್ನು, ಒಂದು ಬೋಟ್‌ಹೌಸು (ಬೋಟ್ ಇಡೋ ಶೆಡ್ಡು), ಕರೆಂಟಿಲ್ಲ, ಫೋನ್ ಸಿಗ್ನಲ್ ಇಲ್ಲ. ಮೊದಲೇ ಹೇಳ್ಬಿಡ್ತೀನಿ, ಮೀನು ಹಿಡಿಯೋಕೆ ಮಾತ್ರ ಬರೋದಾದ್ರೆ ಮೆಂಬರ್‌ಶಿಪ್ ಬೇಡ, ಯಾವ್ದಾದ್ರೂ ಲಾಡ್ಜಲ್ಲಿ ನಾಲ್ಕು ದಿನ ರೂಮ್ ಮಾಡಿ, ಅಲ್ಲಿ ಬೋಟು ಊಟ ಎಲ್ಲಾ ಅವ್ರೇ ನೋಡ್ಕೋತಾರೆ. ಕ್ಲಬ್ ಅಂದ್ರೆ ಕೆಲಸ. ಆ ಕೆಲಸ ಇಷ್ಟ ಆಗೋರಿಗೆ ಮಾತ್ರ ಇದು.

ಹೋಗೋದು ಹೇಗೆ ಅಂದ್ರೆ, ಟೊರಾಂಟೋದಿಂದ ನಾರ್ತ್ ಬೇ ಸುಮಾರು 350 ಕಿಲೋಮೀಟರ್, ಅಲ್ಲಿಂದ ಹೈವೇ 11ರಲ್ಲಿ ಇನ್ನೊಂದು 100, ಆಮೇಲೆ ಮರ ಸಾಗ್ಸೋ ಮಣ್ಣಿನ ರಸ್ತೆ, ಕೊನೇಗೆ ಬೋಟು. ಟೆಮಾಗಮಿ ಅನ್ನೋ ಹೆಸರು ಅಲ್ಲಿನ ಮೂಲ ಜನ ಅನಿಶ್ನಾಬೆಯವ್ರ ಮಾತಿಂದ ಬಂದದ್ದು, ಆಳವಾದ ನೀರು ಅಂತ ಅರ್ಥ. ಆ ಮಣ್ಣಿನ ರಸ್ತೆ ಇದೆಯಲ್ಲಾ, ಅದ್ರ ಮೋರಿಗಳೇ ನಮ್ಮ ದೊಡ್ಡ ಖರ್ಚು. ಬೀವರ್ ಅನ್ನೋ ಪ್ರಾಣಿ ಹರಿಯೋ ನೀರಿನ ಶಬ್ದ ಕೇಳಿದ್ರೆ ಸುಮ್ನಿರಲ್ಲ, ರಾತ್ರಿ ಬೆಳಗಾಗೋದ್ರೊಳಗೆ ಕಡ್ಡಿ ಕೆಸರು ತುಂಬಿ ಮೋರಿ ಮುಚ್ಚಿಬಿಡುತ್ತೆ, ನೀರು ರಸ್ತೆ ಮೇಲೆ ಹತ್ತುತ್ತೆ, ಒಂದು ಸಲ ಹತ್ತಿದ್ರೆ ಮಣ್ಣೆಲ್ಲಾ ಕೊಚ್ಕೊಂಡು ಹೋಗುತ್ತೆ. ಒಂದು ವರ್ಷ ನಾವು ಆರು ಜನ ಸೊಂಟದ ಮಟ್ಟ ನೀರಲ್ಲಿ ನಿಂತು ಕೈಯಲ್ಲೇ ಕಡ್ಡಿ ಎಳೆದಿದ್ವಿ. ಈಗ ಮೋರಿ ಬಾಯಿಗೆ ದೂರದಿಂದ ಸುತ್ತು ಹಾಕಿ ಕಬ್ಬಿಣದ ಜಾಲರಿ ನಿಲ್ಸಿದೀವಿ, ಪರವಾಗಿಲ್ಲ.

ವರ್ಷದಲ್ಲಿ ಎರಡು ವೀಕೆಂಡ್ ಎಲ್ರೂ ಬರ್ಲೇಬೇಕು, ತಪ್ಪಿಸೋ ಹಾಗಿಲ್ಲ. ಮೇ ತಿಂಗಳ ವಿಕ್ಟೋರಿಯಾ ಡೇ ವೀಕೆಂಡ್ ಕ್ಲಬ್ ತೆಗೆಯೋದಕ್ಕೆ, ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ವೀಕೆಂಡ್ ಮುಚ್ಚೋದಕ್ಕೆ. ಮೇನಲ್ಲಿ ಹೋದಾಗ ಐಸ್ ಕರಗಿ ಸ್ವಲ್ಪ ದಿನ ಆಗಿರುತ್ತೆ ಅಷ್ಟೆ, ನೀರಲ್ಲಿ ಕೈ ಇಟ್ರೆ ಮೂಳೆ ನೋಯುತ್ತೆ, ಅದ್ರಲ್ಲೇ ಡಾಕ್ (ದಡದಲ್ಲಿ ಬೋಟ್ ಕಟ್ಟೋ ಕಟ್ಟೆ) ಇಳಿಸ್ಬೇಕು. ಆಮೇಲೆ ಚಳಿಗಾಲದಲ್ಲಿ ಒಳಗೆ ಮನೆ ಮಾಡ್ಕೊಂಡಿರೋ ಇಲಿಗಳ ಗಲೀಜು ಒದ್ದೆ ಮಾಡಿ ಒರೆಸ್ಬೇಕು (ಒಣಗಿದ್ದನ್ನ ಗುಡಿಸ್ಬೇಡಿ, ಆ ಧೂಳು ಉಸಿರಲ್ಲಿ ಹೋಗ್ಬಾರ್ದು), ಅವು ಬಂದ ತೂತಿಗೆ ಸ್ಟೀಲ್ ವೂಲ್ ತುರುಕ್ಬೇಕು. ಅದೇ ಹೊತ್ತಿಗೆ ಬ್ಲ್ಯಾಕ್ ಫ್ಲೈ ಶುರು. ನಮ್ಮ ಮಲೆನಾಡಿನ ನುಸಿ ಗೊತ್ತಿದ್ರೆ ಅದ್ರ ಅಣ್ಣ ಅಂತ ತಿಳ್ಕೊಳ್ಳಿ, ಕಿವಿ ಹಿಂದೆ ಕೂದ್ಲೊಳಗೆ ಹೋಗಿ ಕಚ್ಚಿ ರಕ್ತ ಬರ್ಸುತ್ತೆ. ಜೂನ್ ಕೊನೆವರೆಗೂ ತಲೆಗೆ ಬಲೆ ಇಲ್ದೆ ಹೊರಗೆ ಕೆಲಸ ಆಗಲ್ಲ.

ಆದ್ರೆ ಅಸಲಿ ಕೆಲಸ ಇರೋದು ಅಕ್ಟೋಬರಲ್ಲಿ. ನಮ್ಮಲ್ಲಿ ಪೆಟ್ರೋಲ್ ಪಂಪಿಂದ ಲೇಕ್ ನೀರನ್ನ ಮೇಲಿನ ಟ್ಯಾಂಕಿಗೆ ಏರ್ಸಿ, ಅಲ್ಲಿಂದ ಅಡಿಗೆ ಮನೆ ನಲ್ಲಿಗೆ ಬಿಡೋದು (ಕುಡಿಯೋದಕ್ಕೆ ಕುದಿಸಿಯೇ ಕುಡೀಬೇಕು). ಚಳಿ ಮೈನಸ್ 30 ಕೆಳಗೂ ಹೋಗೋ ಜಾಗ ಅದು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ಪೈಪಿನ ಒಂದು ತಗ್ಗಲ್ಲಿ ಎರಡು ಲೋಟ ನೀರು ಉಳಿದ್ರೂ ಸಾಕು ಪೈಪ್ ಸೀಳೋದಕ್ಕೆ. ಅದಕ್ಕೇ ಲೈನ್ ಪೂರ್ತಿ ಕಳಚಿ ಇಳಿಜಾರಿಗೆ ಎತ್ತಿ ಹಿಡಿದು ಖಾಲಿ ಮಾಡ್ಬೇಕು, ಗ್ಯಾಸ್ ಗೀಸರ್ ಬಿಚ್ಚಿ ನೀರು ಸುರೀಬೇಕು, ಸಿಂಕ್ ಕೆಳಗಿನ ಬಾಗಿದ ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಝ್ (ಚಳಿಗೆ ಹೆಪ್ಪುಗಟ್ಟದ ದ್ರವ) ಹಾಕ್ಬೇಕು, ಕಾರಿಗೆ ಹಾಕೋ ಹಸಿರುದಲ್ಲ, ಅದು ವಿಷ.

ನನ್ನ ಎರಡನೇ ವರ್ಷ ಪಂಪ್ ಜವಾಬ್ದಾರಿ ನಂಗೆ ಕೊಟ್ಟಿದ್ರು. ಎಲ್ಲಾ ಮಾಡಿದೆ, ಪಂಪಿನ ಹೊಟ್ಟೆ ಕೆಳಗೆ ಉಳಿದ ನೀರು ಇಳಿಸೋಕೆ ಒಂದು ಸಣ್ಣ ಪ್ಲಗ್ (ಬಿರಡೆ) ಇರುತ್ತೆ, ಅದೊಂದನ್ನ ತೆಗೀಲಿಲ್ಲ. ಮೇನಲ್ಲಿ ಬಂದು ನೋಡಿದ್ರೆ ಪಂಪ್ ಕವಚ ಉದ್ದಕ್ಕೆ ಸೀಳಿತ್ತು, 14 ಜನಕ್ಕೆ ಒಂದು ವಾರ ಬಕೆಟಲ್ಲಿ ನೀರು. ನಂಗೆ ಊಟ ಸೇರ್ಲಿಲ್ಲ ಆವತ್ತು. ನಮ್ಮ ಕ್ಲಬ್ಬಲ್ಲಿ ಒಬ್ರು ಹಿರಿಯರಿದಾರೆ, ಮೊದಲು ಗಣಿ ಕೆಲಸದಲ್ಲಿದ್ರು, ಈಗ ಎಂಬತ್ತರ ಹತ್ರ. ಅವ್ರು ಬೈಲಿಲ್ಲ, ಒಡೆದ ಪಂಪನ್ನ ಮೇಜಿನ ಮೇಲಿಟ್ಟು ಪೂರ್ತಿ ಬಿಚ್ಚಿ ನೀರು ಎಲ್ಲೆಲ್ಲಿ ನಿಲ್ಲುತ್ತೆ ಅಂತ ಬೆರಳಲ್ಲಿ ತೋರ್ಸಿದ್ರು. ಆಮೇಲೆ ಆ ಪ್ಲಗ್ಗನ್ನ ಅಡಿಗೆ ಮನೆ ಕಿಟಕಿ ಹತ್ರ ಒಂದು ಮೊಳೆಗೆ ನೇತು ಹಾಕೋ ಪದ್ಧತಿ ಮಾಡಿದ್ವಿ, ಮೊಳೆ ಮೇಲೆ ಪ್ಲಗ್ ಕಾಣದೆ ಯಾರೂ ಬಾಗಿಲಿಗೆ ಬೀಗ ಹಾಕಲ್ಲ. ಅವ್ರಿಗೆ ಈಗ ಏಣಿ ಹತ್ತೋಕಾಗಲ್ಲ, ಹಂಗಾಗಿ ಒಲೆ ಚಿಮಣಿ ನಾನು ಕ್ಲೀನ್ ಮಾಡ್ತೀನಿ, ಅವ್ರು ಕೆಳಗೆ ನಿಂತು ಏಣಿ ಹಿಡ್ಕೋತಾರೆ. ಹಸಿ ಸೌದೆ ಉರಿಸಿದ್ರೆ ಚಿಮಣಿ ಒಳಗೆ ಟಾರ್ ತರ ಕಟ್ಟುತ್ತೆ, ಅದಕ್ಕೆ ಬೆಂಕಿ ಹತ್ತಿದ್ರೆ ಕ್ಯಾಬಿನ್ ಉಳಿಯಲ್ಲ, ಫೈರ್ ಎಂಜಿನ್ ಬರೋ ಜಾಗ ಅಲ್ಲ ಅದು. ಅದಕ್ಕೇ ಸೌದೆ ಯಾವಾಗ್ಲೂ ಒಂದು ವರ್ಷ ಮುಂಚೆ ಸೀಳಿ ಪೇರಿಸಿ ಇಡೋದು, ಬರ್ಚ್ ಮರದ್ದು ಜಾಸ್ತಿ.

ಚಳಿಗಾಲದಲ್ಲೂ ಫೆಬ್ರವರಿಲಿ ಒಂದು ಸಲ ಇಬ್ರು ಮೂವರು ಸ್ನೋಮೊಬೈಲಲ್ಲಿ (ಹಿಮದ ಮೇಲೆ ಓಡೋ ಗಾಡಿ) ಹೋಗಿ ಚಾವಣಿ ಮೇಲಿನ ಹಿಮ ಇಳಿಸ್ತೀವಿ. ಇದ್ರಲ್ಲಿ ಹುಡುಗಾಟ ಬೇಡ ಮಾರಾಯ್ರೇ. ಲೇಕ್ ದಾಟೋ ದಾರೀಲಿ ಅಲ್ಲಲ್ಲಿ ಐಸ್ ಕೊರೆದು ದಪ್ಪ ಅಳೀತೀವಿ, ನಡೆಯೋದಕ್ಕೆ 15 ಸೆಂಟಿಮೀಟರ್, ಸ್ನೋಮೊಬೈಲಿಗೆ 25, ಅದೂ ತಿಳಿ ನೀಲಿ ಐಸ್ ಆಗಿದ್ರೆ. ಹಿಮ ಬೆರೆತ ಬಿಳಿ ಐಸಿಗೆ ಅರ್ಧದಷ್ಟೇ ಶಕ್ತಿ. ತೊರೆ ಬಂದು ಸೇರೋ ಜಾಗದಲ್ಲಿ ಎಷ್ಟೇ ಚಳಿ ಇದ್ರೂ ನಂಬ್ಬಾರ್ದು.

ಇನ್ನು ಮೀನು. ನಮ್ಮ ಲೇಕಲ್ಲಿ ವಾಲೈ (ಅಲ್ಲಿನವ್ರು ಪಿಕರೆಲ್ ಅಂತಾರೆ) ಮತ್ತೆ ಲೇಕ್ ಟ್ರೌಟ್ ಇದೆ. ಲೇಕ್ ಟ್ರೌಟ್ ತಣ್ಣಗಿನ ನೀರಿನ ಮೀನು, ನಿಧಾನಕ್ಕೆ ಬೆಳೆಯೋದು, ಮೊಟ್ಟೆ ಇಡೋ ವಯಸ್ಸಿಗೆ ಬರೋದಕ್ಕೇ ಎಷ್ಟೋ ವರ್ಷ ಬೇಕು. ಬೇಸಿಗೇಲಿ ಮೇಲಿನ ನೀರು ಬಿಸಿ ಆದಾಗ ಆಳಕ್ಕೆ ಇಳಿದು ಕೂತಿರುತ್ತೆ, ಆಗ ಅದನ್ನ ಮೇಲೆಳೆದು ಫೋಟೋ ತೆಗೆದು ವಾಪಸ್ ಬಿಟ್ರೂ ಎಷ್ಟೋ ಸಲ ಬದುಕಲ್ಲ. ಅದಕ್ಕೆ ಜುಲೈ ಆಗಸ್ಟಲ್ಲಿ ನಾವು ಅದಕ್ಕೆ ಗಾಳ ಹಾಕೋದೇ ಇಲ್ಲ, ಕಾನೂನಲ್ಲಿ ಅವಕಾಶ ಇದ್ರೂ. ನಾನು ತೀರ್ಥಹಳ್ಳಿ ಕಡೆಯವ್ನು, ಮೊದಲ ಮಳೆಗೆ ಗದ್ದೆಗೆ ಹತ್ತೋ ಮೀನು ಹಿಡಿಯೋಕೆ ಅಪ್ಪನ ಜೊತೆ ಕೂಣಿ ಇಟ್ಟು ಬೆಳೆದವ್ನು, ಆದ್ರೆ ಅದೇ ತುಂಗೆಯ ಚಿಬ್ಬಲಗುಡ್ಡೆ ಮಡುವಲ್ಲಿ ದೇವರ ಮೀನು ಅಂತ ಒಂದು ಮೀನನ್ನೂ ಯಾರೂ ಮುಟ್ಟಲ್ಲ, ನೀವು ನೋಡಿರ್ಬಹುದು. ಹಿಡಿಯೋದು ಬೇರೆ, ಬಿಡೋದು ಬೇರೆ ಅಂತ ನಂಗೆ ಯಾರೂ ಇಲ್ಲಿ ಬಂದು ಹೊಸದಾಗಿ ಹೇಳಿಕೊಡ್ಬೇಕಾಗ್ಲಿಲ್ಲ.

ಪಿಕರೆಲ್ ಹಿಡಿದ ದಿನ ಅಡಿಗೆ ನಂದೇ. ಅಮ್ಮ ಕಳ್ಸೋ ಉಪ್ಪಾಗೆ ಹುಳಿ ಹಾಕಿ ಸಾರು, ಅಕ್ಕಿ ರೊಟ್ಟಿ. ಹದಿಮೂರು ಜನ ಬೇರೆಯವ್ರೂ ಈಗ ಅದನ್ನ ಹೆಸರು ಹಿಡಿದೇ ಕೇಳ್ತಾರೆ. ಒಂದು ವಿಷ್ಯ ನೆನಪಿಡಿ, ದೊಡ್ಡ ಮೀನಲ್ಲಿ ಪಾದರಸ ಜಾಸ್ತಿ ಸೇರಿರುತ್ತೆ, ಯಾವ ಲೇಕಿನ ಯಾವ ಸೈಜ್ ಮೀನು ತಿಂಗಳಿಗೆ ಎಷ್ಟು ಸಲ ತಿನ್ಬಹುದು ಅಂತ ಒಂಟಾರಿಯೋ ಸರ್ಕಾರದ ಗೈಡ್ ಇದೆ, ಮನೇಲಿ ಮಕ್ಕಳು ಅಥವಾ ಬಸುರಿ ಹೆಂಗಸರಿದ್ರೆ ಅದನ್ನ ನೋಡಿಯೇ ಕೊಡಿ. ಮೀನು ಕ್ಲೀನ್ ಮಾಡಿದ ಕರುಳು ತಲೆ ಕ್ಯಾಬಿನ್ ಹತ್ರ ಬಿಟ್ರೆ ಆ ರಾತ್ರಿನೇ ಕರಡಿ ಬರುತ್ತೆ.

ಲೂನ್ ಅಂತ ಒಂದು ಹಕ್ಕಿ ಇದೆ, ಕೆನಡಾದ ಒಂದು ಡಾಲರ್ ನಾಣ್ಯದ ಮೇಲೆ 1987ರಿಂದ ಇರೋದು ಅದೇ. ರಾತ್ರಿ ಅದು ಕೂಗೋದು ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಗಾಳ ಮುಳುಗ್ಲಿ ಅಂತ ದಾರಕ್ಕೆ ಕಟ್ಟಿ ನಾವು ನೀರಲ್ಲಿ ಕಳ್ಕೊಂಡ ಸೀಸದ ಗುಂಡನ್ನ ಕಲ್ಲು ಅಂದ್ಕೊಂಡು ನುಂಗುತ್ತೆ, ಒಂದು ಸಣ್ಣ ಗುಂಡು ಸಾಕು ಸಾಯೋದಕ್ಕೆ. ನಮ್ಮ ಕ್ಲಬ್ಬಲ್ಲಿ ಸೀಸ ಪೂರ್ತಿ ಬಂದ್, ತವರ ಅಥವಾ ಟಂಗ್‌ಸ್ಟನ್ ಮಾತ್ರ, ದುಬಾರಿ ಆದ್ರೂ ಸರಿ. ಹಾಗೇ ಬೇರೆ ಲೇಕಿಂದ ಬೋಟ್ ತರೋದಾದ್ರೆ ಅದ್ರ ತಳದ ಪ್ಲಗ್ ತೆಗೆದು ನೀರಿಳಿಸಿ ಗಿಡಗಂಟಿ ತೆಗೆದು ಬರ್ಬೇಕು, 2022ರಿಂದ ಇದು ಕಾನೂನೇ. ಲೇಕ್ ಪಾರ್ಟ್‌ನರ್ ಪ್ರೋಗ್ರಾಂ ಅಂತ ಒಂಟಾರಿಯೋದಲ್ಲಿ ಇದೆ, ನಮ್ಮಂಥ ವಾಲಂಟಿಯರ್‌ಗಳು ಕಪ್ಪುಬಿಳುಪು ತಟ್ಟೆ ನೀರಿಗಿಳಿಸಿ ಎಷ್ಟು ಆಳದವರೆಗೂ ಕಾಣುತ್ತೆ ಅಂತ ಬರ್ಕೊಂಡು, ನೀರಿನ ಸ್ಯಾಂಪಲ್ ಕಳ್ಸಿದ್ರೆ ಫಾಸ್ಫರಸ್ ಎಷ್ಟಿದೆ ಅಂತ ಪರೀಕ್ಷೆ ಮಾಡ್ತಾರೆ. ಆ ತಟ್ಟೆ ಇಳಿಸೋ ಕೆಲಸ ನನ್ನ ಮಗಳದ್ದು, ಅವ್ಳಿಗೆ ಹನ್ನೊಂದು, ಬೇರೆ ಯಾರ್ಗೂ ಮುಟ್ಟೋಕೆ ಬಿಡಲ್ಲ.

ಲೈಸೆನ್ಸ್ ವಿಷ್ಯ ಬೇಗ ಹೇಳ್ತೀನಿ: ಔಟ್‌ಡೋರ್ಸ್ ಕಾರ್ಡ್ (ಮೀನು, ಬೇಟೆ ಲೈಸೆನ್ಸಿಗೆ ಬೇಕಾದ ಒಂಟಾರಿಯೋ ಸರ್ಕಾರದ ಕಾರ್ಡ್), ಫಿಶಿಂಗ್ ಲೈಸೆನ್ಸ್, ಮೋಟಾರ್ ಬೋಟ್ ಓಡ್ಸೋಕೆ ಆಪರೇಟರ್ ಕಾರ್ಡ್, ಬೋಟಲ್ಲಿರೋ ಪ್ರತಿಯೊಬ್ರಿಗೂ ಲೈಫ್ ಜಾಕೆಟ್. ಮೇನಲ್ಲಿ ಅದನ್ನ ಹಾಕ್ಕೊಂಡೇ ಕೂರಿ, ಈಜು ಬಂದ್ರೂ ಆ ತಣ್ಣೀರಲ್ಲಿ ಕೈಕಾಲು ಬೇಗ ಮರಗಟ್ಟುತ್ತೆ.

ಯಾವ ಕ್ಲಬ್ ಆದ್ರೂ ಸರಿ, ದುಡ್ಡು ಕಟ್ಟೋ ಮುಂಚೆ ಥ್ಯಾಂಕ್ಸ್‌ಗಿವಿಂಗ್ ವೀಕೆಂಡಿಗೆ ಗೆಸ್ಟಾಗಿ ಬರ್ತೀನಿ, ಮುಚ್ಚೋ ಕೆಲಸಕ್ಕೆ ಕೈ ಹಾಕ್ತೀನಿ ಅಂತ ಕೇಳಿ. ಬೇಡ ಅಂದ ಕ್ಲಬ್ಬನ್ನ ನಾನು ಇನ್ನೂ ನೋಡಿಲ್ಲ. ಡಾಕ್ ಎಳೆಯೋಕೆ ನೀರಿಗಿಳಿಯೋ ರಬ್ಬರ್ ಪ್ಯಾಂಟ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಗ್ಲೌಸ್ ಮಾತ್ರ ನಿಮ್ದೇ ತಗೊಂಡು ಹೋಗಿ, ಎರಡು ಜೊತೆ, ಒಂದು ಹೇಗೂ ಬೆಳಿಗ್ಗೆನೇ ಒದ್ದೆ ಆಗುತ್ತೆ.